ಈ ವಾರದ ತಪ್ಪು

ತನುಶ್ರೀಯ ಹಾಳೆಯ ಮೇಲೆ ಕೆಂಪು ಗೀಟು ಎಳೆದವಳು ನಾನು. ಅದರ ಫೋಟೊ ತೆಗೆದವಳೂ ನಾನೇ, ಇಪ್ಪತ್ತಾರು ಮಂದಿ ಪಾಲಕರಿಗೆ ಕಳಿಸಿದವಳೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಯಾರೂ ಆ ಹುಡುಗಿಯ ತಲೆಗೆ ಕಟ್ಟಬಾರದು.

ನನ್ನ ಹೆಸರು ರಾಧಾಬಾಯಿ. ಪುಣೆಯ ಒಂದು ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿ ನಿವೃತ್ತಳಾದವಳು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಶಾಲೆಯ ಜವಾನನಿಗೂ ಗೊತ್ತಿತ್ತು. ಸುಮ್ಮನೆ ಕೂತು ಅಭ್ಯಾಸವಿಲ್ಲ, ಹಾಗಾಗಿ ಈಗ ಪ್ರತಿ ಭಾನುವಾರ ಹನ್ನೊಂದರಿಂದ ಒಂದರವರೆಗೆ ಧನಕವಡಿಯಲ್ಲಿ ಅವಧೂತರ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಹದಿನಾಲ್ಕು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಎಲ್ಲರೂ ಹದಿಮೂರರಿಂದ ಹದಿನಾರರ ಒಳಗಿನವರು. ಕೆಲವರ ಅಪ್ಪ ಅಮ್ಮ ಮೈಸೂರು, ತುಮಕೂರಿನಿಂದ ಐಟಿ ಕೆಲಸಕ್ಕೆ ಬಂದವರು, ಕೆಲವರು ಉಡುಪಿ ಕಡೆಯ ಹೋಟೆಲಿನವರು, ಉಳಿದವರು ನಮ್ಮ ವಿಜಯಪುರ, ಕಲಬುರ್ಗಿ ಕಡೆಯವರು. ಮಕ್ಕಳು ಮಾತ್ರ ಊರು ಯಾವುದಾದರೂ ಮರಾಠಿಯಲ್ಲೇ ಜಗಳ ಆಡುತ್ತಾರೆ, ನನ್ನನ್ನೂ ಮರಾಠಿ ಶಾಲೆಯ ರೂಢಿಯಂತೆ ‘ಬಾಯಿ’ ಎಂದೇ ಕರೆಯುತ್ತಾರೆ.

ಈ ವಯಸ್ಸಿನವರಿಗೆ ಒಂದು ಪದ್ಯವನ್ನು ಇಡಿಯಾಗಿ ಕೊಟ್ಟರೆ ಗಂಟಲಲ್ಲಿ ಇಳಿಯುವುದಿಲ್ಲ. ಅದಕ್ಕೇ ನಾನು ಬಿಟ್ಟ ಸ್ಥಳದ ದಾರಿ ಹಿಡಿದೆ. ಒಂದೊಂದು ಸೀಮೆಯ ಒಂದೊಂದು ಹಾಡೋ ಕತೆಯೋ ತೆಗೆದುಕೊಳ್ಳುವುದು, ಎರಡು ವಾರ ಬಾಯಿಪಾಠ, ಮೂರನೆಯ ವಾರ ಅಲ್ಲಲ್ಲಿ ಪದ ಬಿಟ್ಟ ಹಾಳೆ. ಐದು ಬಿಟ್ಟ ಸ್ಥಳ, ಐದು ಅಂಕ. ಹಾಳೆಯ ಕೆಳಗೆ ಪಾಲಕರ ಸಹಿಗೆ ಜಾಗ. ಸಹಿ ಇಲ್ಲದ ಹಾಳೆಯ ಅಂಕವನ್ನು ನಾನು ವಹಿಗೆ ಏರಿಸುವುದೇ ಇಲ್ಲ, ಬ್ರಹ್ಮ ಬಂದು ಹೇಳಿದರೂ ಇಲ್ಲ.

ಇನ್ನೊಂದು ಪದ್ಧತಿಯನ್ನು ಇಂಪನಾಳ ಅಪ್ಪ ಅಭಿಲಾಷ ಕಲಿಸಿಕೊಟ್ಟರು. ಅವರು ಹಿಂಜವಡಿಯಲ್ಲಿ ಕಂಪ್ಯೂಟರ್ ಕೆಲಸದವರು, ಪಾಲಕರ ವಾಟ್ಸಾಪ್ ಗುಂಪು ಮಾಡಿದವರೂ ಅವರೇ. ತರಗತಿ ಮುಗಿದ ಕೂಡಲೇ ನಾನು ಒಂದು ಹಾಳೆಯ ಫೋಟೊ ತೆಗೆದು, ‘ಈ ವಾರದ ತಪ್ಪು’ ಎಂದು ಬರೆದು ಗುಂಪಿಗೆ ಹಾಕುತ್ತಿದ್ದೆ. ಮಗುವಿನ ಹೆಸರು ಹಾಕುತ್ತಿರಲಿಲ್ಲ. ಪಾಲಕರು ನಗುವ ಗೊಂಬೆಗಳನ್ನು ಸಾಲುಗಟ್ಟಿ ಕಳಿಸುತ್ತಿದ್ದರು. ನನಗೂ ಹಿಗ್ಗು, ಸುಳ್ಳು ಯಾಕೆ ಹೇಳಲಿ.

ಆ ತಿಂಗಳು ನಮ್ಮ ಸೀಮೆಯ ಸರದಿ. ನಮ್ಮವ್ವ ಬೀಸುವಾಗ ಹಾಡುತ್ತಿದ್ದ ಹಾಡನ್ನು ಕಲಿಸಿದ್ದೆ. ಇಂಡಿ ತಾಲೂಕಿನ ನಮ್ಮ ಮನೆಯಲ್ಲಿ ಅದನ್ನು ಕೇಳುತ್ತಲೇ ನಾನು ಬೆಳೆದದ್ದು.

ಜೋಳದ ಹೊಲದಾಚೆ ಎತ್ತಿನ ಗೆಜ್ಜಿ ನುಡಿದಾವ
ನಮ್ಮ ಮಲ್ಲಣ್ಣ ಬಂದಾನ ಕರಿಯಾಕ, ಅತ್ತೆವ್ವ
ಬುತ್ತಿಯ ಕಟ್ಟ ಲಗುಮಾಡಿ

ಗಂಡನ ಮನೆಯಲ್ಲಿರುವ ಹೆಣ್ಣು ತವರಿಗೆ ಕರೆದೊಯ್ಯಲು ಬಂದ ಅಣ್ಣನ ಗಾಡಿಯ ಸದ್ದು ಕೇಳಿ ಬೇಗ ಬುತ್ತಿ ಕಟ್ಟು ಎಂದು ಅತ್ತೆಗೆ ಹೇಳುವ ಮಾತು ಇದು. ಜೋಳ, ಗೆಜ್ಜಿ, ಮಲ್ಲಣ್ಣ, ಅತ್ತೆವ್ವ, ಬುತ್ತಿ ಇವು ಐದು ಉತ್ತರ. ಮೊದಲ ವಾರವೇ ಇಂಪನಾ ಕೈ ಎತ್ತಿದ್ದಳು. ಅವಳಿಗೆ ಎಲ್ಲದಕ್ಕೂ ಪ್ರಶ್ನೆ.

“ಬಾಯಿ, ಈ ಮಲ್ಲಣ್ಣ ಯಾರು? ರಾಜಾನಾ? ದೇವ್ರಾ?”

“ಹಾಡಿನ್ಯಾಗ ಬರ್ತಾನ, ಅಷ್ಟ. ನೀ ಬಾಯಿಪಾಠ ಮಾಡು,” ಅಂದೆ.

ಪ್ರಶ್ನೆ ಕೇಳಿದ ಮಗುವಿನ ಬಾಯಿ ಮುಚ್ಚಿಸುವುದರಲ್ಲಿ ನನ್ನದು ಎತ್ತಿದ ಕೈ. ನನ್ನ ಉತ್ತರದ ಚೀಟಿಯಲ್ಲಿ ಮಲ್ಲಣ್ಣ ಎಂದು ಇತ್ತು, ಆದ್ದರಿಂದ ಅದು ಮಲ್ಲಣ್ಣ.

ಮೂರನೆಯ ಭಾನುವಾರ ಹಾಳೆ ಕೊಟ್ಟೆ. ಒಂದಕ್ಕೆ ಐದು ನಿಮಿಷ ಇರುವಾಗ ಎಲ್ಲವನ್ನೂ ತಿದ್ದಿ ಮುಗಿಸಿದೆ. ಹದಿಮೂರು ಹಾಳೆಯಲ್ಲಿ ಮಲ್ಲಣ್ಣ ಇದ್ದ. ತನುಶ್ರೀಯ ಹಾಳೆಯಲ್ಲಿ ಮಾತ್ರ ಆ ಜಾಗದಲ್ಲಿ ‘ಅಕ್ಷಯಣ್ಣ’ ಎಂದು ದುಂಡಗೆ ಬರೆದಿತ್ತು. ಕ್ಯಾಂಪ್ ಪೇಟೆಯಲ್ಲಿ ಹೋಟೆಲು ನಡೆಸುವ ಸುಂದರ ಅವರ ಮಗಳು ಅವಳು, ಹದಿನೈದು ವರ್ಷದವಳು, ಕಿಟಕಿ ಪಕ್ಕದ ಬೆಂಚು ಬಿಟ್ಟು ಕೂರದವಳು. ಯಾವತ್ತೂ ಐದಕ್ಕೆ ಐದು ತೆಗೆಯುವ ಹುಡುಗಿ. ಬಲ್ಲವರು ತಪ್ಪಿದರೆ ನನಗೆ ಇಮ್ಮಡಿ ಸಿಟ್ಟು.

“ಎದ್ದು ನಿಂದ್ರು. ಯಾರವಾ ಇವ ಅಕ್ಷಯಣ್ಣ? ಯಾವ ಸಿನಿಮಾದಾಂವ?”

ಮಕ್ಕಳು ಕಿಸಕ್ಕೆಂದವು. ತನುಶ್ರೀ ಬಗ್ಗಿ ತನ್ನ ಹಾಳೆ ನೋಡಿದಳು. ಬರೆದದ್ದು ಅವಳಿಗೆ ಆಗಲೇ ನೆನಪಿಗೆ ಬಂದಂತೆ ಕಂಡಿತು.

“ತಪ್ಪಾಯ್ತು ಬಾಯಿ. ಬೇರೆ ಹಾಳೆ ಕೊಡಿ, ಸರಿ ಬರೀತೇನೆ. ಅದನ್ನು ಹರಿದು ಹಾಕ್ಲಾ?”

“ಬರದದ್ದು ಬರದಾಂಗ. ಪರೀಕ್ಷಾದಾಗ ಹರಿಯಾಕ ಕೊಡ್ತಾರೇನು?”

“ಪ್ಲೀಸ್ ಬಾಯಿ.”

ಅವಳು ಹಾಳೆಯ ಮೇಲೆ ಅಂಗೈ ಇಟ್ಟಳು. ಅಂಕ ಹೋದದ್ದಕ್ಕೆ ಇಷ್ಟೊಂದೇ ಎಂದು ನನಗೆ ಇನ್ನೂ ರೇಗಿತು. ಕೆಂಪು ಪೆನ್ನಿನಿಂದ ಆ ಹೆಸರಿನ ಮೇಲೆ ಈ ತುದಿಯಿಂದ ಆ ತುದಿಗೆ ಗೀಟು ಎಳೆದೆ, ಸುತ್ತ ಒಂದು ಸೊನ್ನೆ ಸುತ್ತಿದೆ. ಮಕ್ಕಳು ಮೆಟ್ಟಿಲು ಇಳಿಯುವಷ್ಟರಲ್ಲಿ ಫೋಟೊ ಗುಂಪಿಗೆ ಹೋಗಿತ್ತು. ‘ಈ ವಾರದ ತಪ್ಪು: ಮಲ್ಲಣ್ಣನ ಮನೆಗೆ ಅಕ್ಷಯಣ್ಣ ನುಗ್ಗಿದ್ದಾನೆ’ ಎಂದು ಬರೆದಿದ್ದೆ. ಮೊದಲ ನಗುವ ಗೊಂಬೆ ಅರ್ಧ ನಿಮಿಷದೊಳಗೆ ಬಂತು.

ಮೂರನೆಯ ಗೊಂಬೆ ಬರುವಾಗ ಮೆಟ್ಟಿಲ ಮೇಲೆ ಓಡುವ ಕಾಲಿನ ಸದ್ದು ಕೇಳಿತು. ತನುಶ್ರೀಯ ತಾಯಿ ರಾಜೀವಿ. ಈ ಹೆಂಗಸಿನ ಬಗ್ಗೆ ನನಗೆ ಭಾರಿ ಅಭಿಮಾನ. ಉಳಿದ ಪಾಲಕರು ಮಕ್ಕಳನ್ನು ಇಳಿಸಿ ಡಿ-ಮಾರ್ಟಿಗೆ ಓಡಿದರೆ, ಈಕೆ ಎರಡು ವರ್ಷದಿಂದ ಒಂದು ಭಾನುವಾರವೂ ಬಿಡದೆ ತರಗತಿ ಮುಗಿಯುವವರೆಗೆ ಗಿರಣಿಯ ಪಕ್ಕದ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ನನ್ನ ಪಾಠ ಕಿಟಕಿಯಿಂದ ಕೇಳಿಸಲಿ ಎಂದು ಕೂರುತ್ತಾಳೆ ಎಂದೇ ನಾನು ತಿಳಿದಿದ್ದೆ. ಒಂದು ಸಭೆಯಲ್ಲಿ ‘ಇಂಥ ತಾಯಂದಿರಿಂದ ಕನ್ನಡ ಉಳಿದಿದೆ’ ಎಂದು ಭಾಷಣವನ್ನೂ ಮಾಡಿದ್ದೆ.

“ಟೀಚರ್, ಅದನ್ನು ತೆಗೀರಿ. ಈಗಲೇ ತೆಗೀರಿ ಮಾರಾಯ್ರೆ!”

“ಯಾವುದನ್ರಿ? ಮೊದಲ ಕೂಡ್ರಿ ನೀವು.”

“ಆ ಫೋಟೊ. ಇವಳ ಅಪ್ಪ ನೋಡಿದ್ರೆ ಮುಗೀತು. ಅಕ್ಷಯ ನನ್ನ ಮಗ ಟೀಚರ್. ದೊಡ್ಡ ಮಗ.”

ತರಗತಿಗೆ ಸೇರಿಸುವಾಗ ಒಬ್ಬಳೇ ಮಗಳು ಎಂದು ಬರೆಸಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಆಕೆ ನಿಂತಲ್ಲೇ ಹೇಳಿದಳು. ಅಕ್ಷಯ ಕೆಮಿಸ್ಟ್ರಿ ಡಿಪ್ಲೊಮಾ ಮಾಡಿದವನು. ಹೋಟೆಲಿನ ಗಲ್ಲಾದಲ್ಲಿ ಕೂರುವುದಿಲ್ಲ, ಪುಣೆಯಾಚೆ ಕುರಕುಂಭದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದೆ ಎಂದು ಒಂದು ಭಾನುವಾರ ಊಟದ ಗದ್ದಲದ ನಡುವೆ ಅಪ್ಪನಿಗೆ ಹೇಳಿದ. ಅಪ್ಪ ಗಿರಾಕಿಗಳ ಎದುರಿಗೇ ಅವನ ಕೆನ್ನೆಗೆ ಹೊಡೆದರು. ಅವನು ಹಾಗೇ ಇಳಿದು ಹೋದ. ಅಂದಿನಿಂದ ಮನೆಯಲ್ಲಿ ಆ ಹೆಸರು ಎತ್ತುವಂತಿಲ್ಲ. ಎತ್ತಿದವರು, ಅವನನ್ನು ಕಂಡವರು ಅವನ ದಾರಿಯನ್ನೇ ಹಿಡಿಯಬೇಕು ಎಂದು ಸುಂದರ ದೇವರ ಪಟದ ಎದುರು ಹೇಳಿದ್ದರಂತೆ.

“ಅವನಿಗೆ ಭಾನುವಾರ ರಜೆ. ಬಸ್ಸಲ್ಲಿ ಬಂದು ಇಲ್ಲಿ ಕೆಳಗೆ ಒಂದು ಗಂಟೆ ಕೂತು ಹೋಗ್ತಾನೆ. ಎರಡು ವರ್ಷದಿಂದ ನನಗೆ ಆ ಒಂದು ಗಂಟೆಯೇ ಉಂಟು ಟೀಚರ್. ಇವರಿಗೆ ಗೊತ್ತಾದ್ರೆ ನಾಳೆಯಿಂದ ಕ್ಲಾಸ್ ಬಂದ್. ಮತ್ತೆ ನಾನು ಅವನ ಮುಖ ನೋಡುವುದು ಹೇಗೆ?”

ಆಕೆ ಕನ್ನಡ ಕೇಳಲಿಕ್ಕೆ ಕೂರುತ್ತಿರಲಿಲ್ಲ. ನನ್ನ ಭಾಷಣ ನೆನಪಾಗಿ ನಾಚಿಕೆಯಾಯಿತು, ಆದರೆ ನಾಚಿಕೊಳ್ಳಲು ಅದು ಹೊತ್ತಲ್ಲ. ಕಿಟಕಿಯಿಂದ ಬಗ್ಗಿ ನೋಡಿದೆ. ಕಟ್ಟೆಯ ಹತ್ತಿರ ತನುಶ್ರೀ ಅಳುತ್ತಿದ್ದಳು. ಇಪ್ಪತ್ತೆರಡು ಇಪ್ಪತ್ಮೂರರ ಒಬ್ಬ ತೆಳ್ಳಗಿನ ಹುಡುಗ ಅವಳ ತಲೆಯ ಮೇಲೆ ಕೈಯಿಟ್ಟು ನಿಂತಿದ್ದ. ಹಾಳೆ ತುಂಬುವಾಗ ಅವಳಿಗೆ ಆ ಬೆಂಚಿನಿಂದ ಅವನು ಬರುವುದು ಕಂಡಿರಬೇಕು. ‘ನಮ್ಮ’ ಮತ್ತು ‘ಬಂದಾನ’ ನಡುವಿನ ಖಾಲಿ ಜಾಗದಲ್ಲಿ ಬಂದವನ ಹೆಸರನ್ನೇ ಬರೆದಿದ್ದಳು.

“ಅವರು ಮಧ್ಯಾಹ್ನ ಫೋನ್ ಮುಟ್ಟುವುದಿಲ್ಲ,” ಎಂದಳು ರಾಜೀವಿ. “ಮೂರು ಗಂಟೆಗೆ ಶಟರ್ ಅರ್ಧ ಎಳೆದು ಕಾಫಿ ಕುಡೀತಾ ಒಂದೊಂದೇ ನೋಡ್ತಾರೆ. ಅಷ್ಟರೊಳಗೆ ತೆಗೆದ್ರೆ ಸಾಕು.”

ಗೋಡೆಯ ಗಡಿಯಾರದಲ್ಲಿ ಒಂದೂ ಇಪ್ಪತ್ತು. ಬೇಕಾದಷ್ಟು ಹೊತ್ತಿದೆ ಎಂದುಕೊಂಡೆ. ಫೋಟೊದ ಮೇಲೆ ಬೆರಳು ಒತ್ತಿ ಹಿಡಿದೆ, ಅಳಿಸು ಎಂಬುದನ್ನು ಒತ್ತಿದೆ. ಅದು ಏನೋ ಎರಡು ಮೂರು ಸಾಲು ಕೇಳಿತು. ಕನ್ನಡಕ ಮೇಜಿನ ಮೇಲಿತ್ತು, ಬೆರಳಿಗೆ ಸಿಕ್ಕಿದ್ದನ್ನು ಒತ್ತಿದೆ. ಫೋಟೊ ಮಾಯವಾಯಿತು.

“ಹೋತು ನೋಡ್ರಿ. ಉಸಿರು ಬಿಡ್ರಿ ಈಗ.”

ರಾಜೀವಿ ತನ್ನ ಫೋನು ನೋಡಿದಳು. ಹಾಗೇ ಅದನ್ನು ನನ್ನ ಮುಖದ ಹತ್ತಿರ ಹಿಡಿದಳು. ಅಲ್ಲಿ ಫೋಟೊ ಇದ್ದಲ್ಲೇ ಇತ್ತು, ಕೆಂಪು ಗೀಟಿನ ಕೆಳಗೆ ಅಕ್ಷಯಣ್ಣ ಸ್ಪಷ್ಟವಾಗಿ ಕಾಣುತ್ತಿದ್ದ. ನಾನು ಅಳಿಸಿದ್ದು ನನ್ನ ಫೋನಿನಿಂದ ಮಾತ್ರ. ಎಲ್ಲರಿಂದ ಅಳಿಸು ಎಂಬ ಸಾಲು ಬೇರೆ ಇತ್ತಂತೆ. ಈಗ ನನ್ನ ಕೈಯಲ್ಲಿ ಫೋಟೊವೇ ಇಲ್ಲ, ಅಳಿಸುವುದು ಏನನ್ನು? ಯಾರು ನೋಡಿದ್ದಾರೆ, ಯಾರು ನೋಡಿಲ್ಲ ಎಂದು ತಿಳಿಯುವ ದಾರಿಯೂ ಅದರ ಜೊತೆಗೇ ಹೋಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನೂರು ಸಲ ಮಕ್ಕಳಿಂದ ಬರೆಸಿದವಳು ನಾನು.

ಗುಂಪಿನಲ್ಲಿ ಯಾರು ಹಾಕಿದ್ದನ್ನಾದರೂ ತೆಗೆಯುವ ಅಧಿಕಾರ ಅಭಿಲಾಷ ಒಬ್ಬರಿಗೇ ಇತ್ತು. ಫೋನು ಮಾಡಿದೆ. ಬರಿದೇ ಬಾರಿಸಿತು. ಮತ್ತೆ ಮಾಡಿದೆ. ಐದು ಸಲ ಮಾಡಿದೆ. ಆ ಫೋಟೊ ಕೂಡಲೇ ತೆಗೆಯಿರಿ ಎಂದು ಸಂದೇಶವನ್ನೂ ಕಳಿಸಿದೆ.

“ನೀವು ಮಕ್ಕಳಿಬ್ಬರನ್ನೂ ಕರಕೊಂಡು ಸ್ವಾರಗೇಟ ಬಸ್ ಸ್ಟ್ಯಾಂಡಿಗೆ ಹೋಗ್ರಿ,” ಎಂದೆ ರಾಜೀವಿಗೆ. “ಅವನ ಬಸ್ಸು ಎಷ್ಟಕ್ಕ?”

“ನಾಲ್ಕೂವರೆಗೆ. ನೀವು?”

“ನಾ ಕ್ಯಾಂಪಿಗೆ ಹೋಗ್ತೀನಿ. ಎದುರಿಗೆ ಮಾಸ್ತರಬಾಯಿ ಕೂತಿದ್ರ ಫೋನ್ ತಗೊಂಡು ಕೂಡೂದಿಲ್ಲ ನಿಮ್ಮ ಯಜಮಾನ್ರು. ಅಷ್ಟರಾಗ ಅಭಿಲಾಷ ಸಿಗ್ತಾರ. ನಾ ಫೋನ್ ಮಾಡೂತನಕ ಮನಿಗೆ ಹೋಗಬ್ಯಾಡ್ರಿ.”

ಧೈರ್ಯ ಹೇಳಿದ್ದು ನಾಲಿಗೆ ಮಾತ್ರ. ತನುಶ್ರೀಯ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ರಿಕ್ಷಾ ಹತ್ತಿದೆ.

ಸಾತಾರಾ ರಸ್ತೆಯಲ್ಲಿ ಭಾನುವಾರವೂ ಗಾಡಿಗಳು ಒಂದರ ಹಿಂದೆ ಒಂದು ಅಂಟಿಕೊಂಡಿದ್ದವು. ರಿಕ್ಷಾದವನನ್ನು ಎರಡು ಸಲ “ದಾದಾ, ಜರಾ ಲವ್ಕರ್” ಎಂದು ಅವಸರಪಡಿಸಿದೆ. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ, ಮುಂದಿನ ಟ್ರಕ್ಕಿನ ಮೇಲೆ ಹಾರಿಸಲೇ ಎಂದು ಕೇಳಿದ. ಅಭಿಲಾಷ ಇನ್ನೂ ಫೋನು ಎತ್ತಿರಲಿಲ್ಲ. ಹೊತ್ತು ಕಳೆಯಲೆಂದು ಹಾಳೆ ತೆಗೆದು ನೋಡಿದೆ. ಇಂಪನಾಳ ಪ್ರಶ್ನೆ ಕಿವಿಯಲ್ಲಿ ಬಂತು. ಈ ಮಲ್ಲಣ್ಣ ಯಾರು?

ಯಾರು ಅಂದರೆ, ನನ್ನ ಸೋದರಮಾವ. ನಮ್ಮವ್ವನ ಒಡಹುಟ್ಟಿದ ಅಣ್ಣ.

ಆಗ ನೆನಪಾಯಿತು. ನಮ್ಮ ಮನೆಯ ಬೀಸುವ ಕಲ್ಲಿಗೆ ಇಬ್ಬರು ಎದುರುಬದುರು ಕೂರುತ್ತಿದ್ದರು, ಅವ್ವ ಮತ್ತು ಪಕ್ಕದ ಮನೆಯ ಗಂಗವ್ವ. ಇಬ್ಬರೂ ಒಂದೇ ಗೂಟ ಹಿಡಿದು, ಒಂದೇ ದನಿಯಲ್ಲಿ ಹಾಡುತ್ತಿದ್ದರು. ಆ ಒಂದು ಜಾಗಕ್ಕೆ ಬಂದಾಗ ಅವ್ವ ‘ಮಲ್ಲಣ್ಣ’ ಎನ್ನುತ್ತಿದ್ದಳು, ಗಂಗವ್ವ ‘ಶಿವಪ್ಪಣ್ಣ’ ಎನ್ನುತ್ತಿದ್ದಳು. ಒಂದು ಗಳಿಗೆ ಹಾಡು ಎರಡಾಗಿ ಮತ್ತೆ ಒಂದಾಗುತ್ತಿತ್ತು. ನಮ್ಮ ಓಣಿಯ ಯಾವ ಕಲ್ಲಿನ ಮುಂದೆ ಕೂತರೂ ಅಲ್ಲಿ ಬೀಸುವವಳ ಅಣ್ಣನ ಹೆಸರೇ ಬರುತ್ತಿತ್ತು. ಹಾಡು ಕಟ್ಟಿದವರೇ ಆ ಜಾಗವನ್ನು ಖಾಲಿ ಬಿಟ್ಟಿದ್ದರು. ಅದನ್ನು ಕೇಳುತ್ತ ಬೆಳೆದ ನಾನು ನನ್ನ ಸೋದರಮಾವನ ಹೆಸರನ್ನು ಉತ್ತರದ ಚೀಟಿಗೆ ಹಾಕಿ, ಹದಿನಾಲ್ಕು ಮನೆಯ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೆ. ಹದಿಮೂರು ಮಕ್ಕಳು ತಪ್ಪು ಬರೆದಿದ್ದರು. ಸರಿಯಾಗಿ ಬರೆದ ಒಬ್ಬಳನ್ನು ನಿಲ್ಲಿಸಿ ಅಳಿಸಿದ್ದೆ.

ನನಗೆ ನನ್ನ ಮೇಲೇ ಎಷ್ಟು ಸಿಟ್ಟು ಬಂತೆಂದರೆ, ರಿಕ್ಷಾದಲ್ಲೇ ಹಣೆ ಬಡಿದುಕೊಂಡೆ.

ಹೋಟೆಲಿನ ಎದುರು ಇಳಿದಾಗ ಎರಡೂ ನಲವತ್ತು. ಒಳಗೆ ಇನ್ನೂ ಜನವಿತ್ತು. ಬಾಗಿಲಿಗೆ ಕಾಲಿಡುವಾಗಲೇ ಅಭಿಲಾಷ ಫೋನು ಮಾಡಿದರು.

“ಸಾರಿ ಮೇಡಂ, ಮ್ಯಾಚ್ ಆಡ್ತಿದ್ದೆ, ಫೋನ್ ಬ್ಯಾಗಲ್ಲಿತ್ತು. ನಿಮ್ ಮೆಸೇಜ್ ನೋಡ್ದೆ. ಗ್ರೂಪಲ್ಲಿ ಡಿಲೀಟ್ ಮಾಡಿದೀನಿ, ಈಗ ಯಾರಿಗೂ ಕಾಣಲ್ಲ.”

“ನೋಡಿದವರು ಯಾರ್ಯಾರು ಅಂತ ತಿಳೀತದೇನ್ರಿ?”

“ಅದು ಕಳಿಸಿದವರಿಗೆ ಮಾತ್ರ ಗೊತ್ತಾಗೋದು ಮೇಡಂ. ಯಾಕೆ, ಏನಾಯ್ತು?”

ಏನಿಲ್ಲ ಎಂದು ಇಟ್ಟೆ. ಮೂರು ಗಂಟೆ ಆಗಿಲ್ಲ, ಫೋಟೊ ಹೋಗಿದೆ. ಇಲ್ಲಿಂದಲೇ ತಿರುಗಿ ಹೋಗಬಹುದಿತ್ತು. ಆದರೆ ಸ್ವಾರಗೇಟಿನಲ್ಲಿ ಒಬ್ಬಳು ತಾಯಿ ಮನೆಗೆ ಹೋಗಲು ಹೆದರಿ ನಿಂತಿದ್ದಳು. ಈ ಮನುಷ್ಯನ ಮುಖ ನೋಡದೆ ಆಕೆಗೆ ನಾನು ಏನು ಹೇಳಲಿ?

“ಓ, ಟೀಚರ್! ಬನ್ನಿ ಬನ್ನಿ,” ಎಂದರು ಸುಂದರ. ಐವತ್ತೈದರ ಗಟ್ಟಿ ಆಳು, ಹಣೆಯಲ್ಲಿ ಗಂಧ, ಗಲ್ಲಾದ ಹಿಂದೆ ಎತ್ತರದ ಕುರ್ಚಿ. ಹತ್ತಿರದ ಮೇಜು ತೋರಿಸಿ, ಮಾಣಿ ಸದಾನಂದನನ್ನು ಕರೆದು ಕಾಫಿ ಹೇಳಿದರು. ಮುಖದಲ್ಲಿ ಏನೂ ಇರಲಿಲ್ಲ. ಬಿಲ್ಲು ತೆಗೆದುಕೊಳ್ಳುವುದು, ಚಿಲ್ಲರೆ ಕೊಡುವುದು ನಡೆದೇ ಇತ್ತು. ಬಡೆಸೋಪಿನ ಬಟ್ಟಲಿನ ಪಕ್ಕ ಅವರ ಫೋನು ಬೋರಲು ಬಿದ್ದಿತ್ತು. ನಾನು ಕಾಫಿ ಕುಡಿಯುತ್ತ ಅದನ್ನೇ ನೋಡುತ್ತಿದ್ದೆ. ಅವರ ಕೈ ಆ ಕಡೆ ಹೋದಾಗಲೆಲ್ಲ ಬಡೆಸೋಪಿಗೆ ಹೋಗುತ್ತಿತ್ತು, ನನಗೆ ಮಾತ್ರ ಜೀವ ಹಾರುತ್ತಿತ್ತು.

ಮೂರಕ್ಕೆ ಸದಾನಂದ ಶಟರ್ ಅರ್ಧ ಇಳಿಸಿದ. ಸುಂದರ ಫೋನು ಹಿಡಿದುಕೊಂಡು ಬಂದು ನನ್ನ ಎದುರಿಗೆ ಕೂತರು. ಅದನ್ನು ತೆರೆಯಲಿಲ್ಲ. ಮೇಜಿನ ಮೇಲೆ ಲೋಟ ಬಿಟ್ಟ ನೀರಿನ ಗುರುತನ್ನು ಬೆರಳಿನಿಂದ ಒರೆಸಿದರು.

“ಒಂದು ಕೇಳ್ಬೇಕಿತ್ತು ಟೀಚರ್.”

“ಕೇಳ್ರಿ.”

“ಅದು ತಪ್ಪು ಅಂತ ಯಾಕೆ ಹಾಕಿದ್ದು?”

“ಯಾವುದ್ರಿ?” ಎಂದೆ.

ಅವರು ಫೋನು ತೆರೆದು ನನ್ನ ಕಡೆ ತಿರುಗಿಸಿದರು. ಗುಂಪಿನಿಂದ ಹೋಗಿತ್ತು ನಿಜ. ಅವರು ಅದನ್ನು ಬೇರೆ ಇಟ್ಟುಕೊಂಡಿದ್ದರು. “ಒಂದೂಕಾಲಿಗೇ ನೋಡಿದೆ. ಗ್ಯಾಸಿನವನಿಗೆ ಫೋನ್ ಮಾಡ್ಲಿಕ್ಕೆ ತೆಗೆದಾಗ ಬಂತು. ಹನ್ನೊಂದು ಮಂದಿ ನಗಾಡಿದ್ದಾರೆ ಅದಕ್ಕೆ. ಲೆಕ್ಕ ಮಾಡಿದೆ.” ಅವರ ದನಿ ಇದ್ದಕ್ಕಿದ್ದಂತೆ ಏರಿತು. “ನನ್ನ ಮಗನ ಹೆಸರಿನ ಮೇಲೆ ಗೀಟು ಎಳೀಲಿಕ್ಕೆ ನೀವು ಯಾರು? ಊರಿಗೆಲ್ಲ ತೋರಿಸಿ ನಗಾಡಿಸ್ಲಿಕ್ಕೆ ನೀವು ಯಾರು ಟೀಚರ್?”

ತಟ್ಟೆ ಜೋಡಿಸುತ್ತಿದ್ದ ಸದಾನಂದನ ಕೈ ನಿಂತಿತು. ತಲೆ ತಗ್ಗಿಸಿ ತಪ್ಪಾಯಿತು ಎನ್ನಬೇಕಿತ್ತು ನಾನು. ಅದನ್ನು ಹೇಳಲಿಕ್ಕೇ ಬಂದದ್ದು. ಆದರೆ ಹುಟ್ಟುಗುಣ ಸುಟ್ಟರೂ ಹೋಗದಂತೆ.

“ನಾ ಪೆನ್ನಿನಿಂದ ಎಳದೀನ್ರಿ,” ಎಂದೆ. “ನೀವು ಎರಡು ವರ್ಷದ ಹಿಂದ ಕೈಯಿಂದ ಎಳದೀರಿ.”

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಕೆನ್ನೆಗೆ ಹೊಡೆದ ಸಂಗತಿ ನನಗೆ ಗೊತ್ತಿದ್ದದ್ದು ರಾಜೀವಿಯಿಂದ. ಅದು ಅವರಿಗೂ ಆ ಕ್ಷಣವೇ ಹೊಳೆಯಿತು.

“ಯಾರು ಹೇಳಿದ್ದು ನಿಮಗೆ?” ದನಿ ಈಗ ತಣ್ಣಗಾಗಿತ್ತು, ಅದು ಕೂಗಿದ್ದಕ್ಕಿಂತ ಕೆಟ್ಟದಾಗಿತ್ತು. “ರಾಜೀವಿಯಾ? ಅವಳು ಎಲ್ಲಿ ಈಗ? ಕ್ಲಾಸ್ ಮುಗಿದು ಎರಡು ಗಂಟೆ ಆಯ್ತು.”

ಎರಡು ವರ್ಷ ಒಬ್ಬ ತಾಯಿ ಜೋಪಾನ ಮಾಡಿದ ಒಂದು ತಾಸನ್ನು ನಾನು ಒಂದೇ ದಿನದಲ್ಲಿ ಎರಡು ಸಲ ಕೆಡಿಸಿದ್ದೆ. ಸುಳ್ಳು ಹೇಳಲು ಹೊಳೆಯಲಿಲ್ಲ, ನಿಜ ಹೇಳುವ ಹಕ್ಕು ನನಗಿರಲಿಲ್ಲ. ಚೀಲದಿಂದ ಹಾಳೆ ತೆಗೆದು ಮೇಜಿನ ಮೇಲೆ ಹರವಿದೆ.

“ಅದನ್ನ ಆಮ್ಯಾಲೆ ಕೇಳ್ರಿ. ನಾ ಬಂದದ್ದು ಇದಕ್ಕ. ಯಾಕ ತಪ್ಪು ಹಾಕಿದಿ ಅಂದ್ರೆಲ್ಲ, ತಪ್ಪು ನಂದು. ನಿಮ್ಮ ಮಗಳು ಸರಿ ಬರದಾಳ.”

ಕೆಂಪು ಪೆನ್ನು ತೆಗೆದು ನನ್ನ ಗೀಟನ್ನು ಕಾಟು ಹೊಡೆದೆ. ಪಕ್ಕದಲ್ಲಿ ಸರಿ ಗುರುತು ಹಾಕಿ, ನಾಲ್ಕನ್ನು ಐದು ಮಾಡಿದೆ. ಬೀಸುವ ಕಲ್ಲಿನ ಸಂಗತಿ ಹೇಳಿದೆ. ಅವ್ವ ಒಂದು ಹೆಸರು ಹಾಡುತ್ತಿದ್ದದ್ದು, ಗಂಗವ್ವ ಇನ್ನೊಂದು ಹಾಡುತ್ತಿದ್ದದ್ದು, ನಾನು ನನ್ನ ಮನೆಯ ಹೆಸರನ್ನೇ ಎಲ್ಲರಿಗೂ ಉತ್ತರ ಮಾಡಿದ್ದು. ಅವರು ಅಡ್ಡ ಬಾಯಿ ಹಾಕದೆ ಕೇಳಿದರು.

“ಅಂದ್ರೆ ಈ ಮಲ್ಲಣ್ಣ ನಿಮ್ಮ ಸೋದರಮಾವ.”

“ಹೌದ್ರಿ.”

“ಕರೀಲಿಕ್ಕೆ ಬರ್ತಿದ್ರಾ?”

ಈ ಪ್ರಶ್ನೆಯನ್ನು ನನಗೆ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

“ನಾ ಹುಟ್ಟೂಕಿಂತ ಮೊದಲ ಬರ್ತಿದ್ನಂತ. ಆಮ್ಯಾಲೆ ನಮ್ಮಪ್ಪಗೂ ಅವಗೂ ಒಂದು ಹೋರಿ ಸಲುವಾಗಿ ಮಾತಿಗೆ ಮಾತು ಬೆಳೀತು. ಹೊಸ್ತಿಲಾ ತುಳೀಬ್ಯಾಡ ಅಂದ್ರು ನಮ್ಮಪ್ಪ. ಆಂವ ತುಳೀಲಿಲ್ಲ. ನಾ ಅವನ ಮುಖಾನೂ ನೋಡಿಲ್ರಿ.”

“ಮತ್ತೆ ಅಮ್ಮ ಹಾಡ್ತಿದ್ರಲ್ಲ?”

“ಹಾಡ್ತಿದ್ಲು. ಕೈಯಾಗ ಶಕ್ತಿ ಇರೂತನಕ ದಿನಾ ಮುಂಜಾನೆ ಹಾಡಿದ್ಲು.”

“ಅಪ್ಪನಿಗೆ ಕೇಳ್ತಿತ್ತಾ?”

“ಸಣ್ಣ ಮನಿ. ಕೇಳದ ಎಲ್ಲಿ ಹೋಗ್ತದ್ರಿ? ಆ ಸಾಲು ಬಂದ ಕೂಡ್ಲೆ ಚಪ್ಪಲ್ ಮೆಟ್ಟಿ ಹೊರಗ ಹೋಗ್ತಿದ್ರು. ಬೈತಿದ್ದಿಲ್ಲ.”

“ಕರೀಲೂ ಇಲ್ಲ.”

“ಇಲ್ರಿ. ಕರೀಲಿಲ್ಲ. ಅವ್ವ ಸತ್ತ ದಿನ ಹೇಳಿ ಕಳಿಸಿದ್ರು. ಅಷ್ಟರಾಗ ಮಲ್ಲಣ್ಣ ಸತ್ತು ಎರಡು ವರ್ಷ ಆಗಿತ್ತು.”

ಇದನ್ನು ಹೇಳುವಾಗ ನನ್ನ ಕಣ್ಣು ತುಂಬಿತು. ಅರವತ್ತು ದಾಟಿದ ಮೇಲೆ, ಒಂದು ಹೋಟೆಲಿನ ಮೇಜಿನ ಮುಂದೆ, ನಾನು ಕಾಣದ ಸೋದರಮಾವನಿಗಾಗಿ ಅಳುತ್ತಿದ್ದೆ. ಸುಂದರ ಹಾಳೆಯನ್ನು ಹತ್ತಿರ ಎಳೆದುಕೊಂಡರು. ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಆಡಿಸುತ್ತ ಓದಿದರು. “ನಮ್ಮ… ಅಕ್ಷಯಣ್ಣ… ಬಂದಾನ… ಕರಿಯಾಕ.” ಹೆಸರನ್ನೂ ಬಿಡದೆ ಓದಿದರು. ಬುತ್ತಿ ಎಂಬಲ್ಲಿ ಬೆರಳು ನಿಂತಿತು.

“ಪ್ರತಿ ಭಾನುವಾರ ಎಂಟು ಬನ್ಸ್ ಕಟ್ಟಿಸಿಕೊಂಡು ಹೋಗ್ತಾಳೆ ರಾಜೀವಿ,” ಎಂದರು ತಲೆ ಎತ್ತದೆ. “ಟೀಚರಿಗೆ ಇಷ್ಟ ಅಂತ ಹೇಳಿ. ಎರಡು ವರ್ಷದಿಂದ. ನಿಮಗೆ ಸೇರ್ತದಾ?”

ಒಂದು ಬನ್ಸನ್ನೂ ನಾನು ಕಂಡವಳಲ್ಲ. ಈ ಸಲ ತಡಮಾಡಲಿಲ್ಲ. “ಭಾಳ ಛಲೋ ಇರ್ತಾವ್ರಿ,” ಎಂದೆ.

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. “ನಿಮ್ಮನ್ನು ನೋಡಿದ್ರೆ ಎಂಟು ಬನ್ಸ್ ತಿನ್ನುವವರ ಹಾಗೆ ಕಾಣುವುದಿಲ್ಲ ಟೀಚರ್. ಎಂಟು ತಿನ್ನುವವನು ನಮ್ಮ ಮನೆಯಲ್ಲಿ ಒಬ್ಬನೇ ಇದ್ದದ್ದು.”

ಅವರಿಗೆ ಗೊತ್ತಿತ್ತು. ಎರಡು ವರ್ಷವೂ ಗೊತ್ತಿತ್ತು. ಶಿಸ್ತಾಗಿ ಎಂಟು ಎಣಿಸಿ ಕಟ್ಟಿಸಿ ಕೊಡುತ್ತಿದ್ದರು, ಆಮೇಲೆ ಮುಖ ತಿರುಗಿಸುತ್ತಿದ್ದರು. ನಮ್ಮಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತಿದ್ದರಲ್ಲ, ಹಾಗೆ.

ಸುಂದರ ಗಡಿಯಾರ ನೋಡಿದರು. ಮೂರೂ ಮೂವತ್ತೈದು.

“ಬಸ್ಸು ಎಷ್ಟಕ್ಕೆ?”

“ನಾಲ್ಕೂವರೆಗ. ಸ್ವಾರಗೇಟ.”

ಎದ್ದರು. ಸದಾನಂದನಿಗೆ ಗಲ್ಲಾದಲ್ಲಿ ಕೂರಲು ಹೇಳಿದರು. ಅವನು ಕೇಳಿಸದವನಂತೆ ನಿಂತೇ ಇದ್ದ, ಯಾಕೆಂದರೆ ಭಾನುವಾರ ಆ ಕುರ್ಚಿಯಲ್ಲಿ ಬೇರೆಯವರು ಕೂತದ್ದನ್ನು ಅವನು ಕಂಡಿರಲಿಲ್ಲ. ಅವರು ಸ್ಕೂಟರಿನ ಕೀಲಿ ಹುಡುಕಿ ತೆಗೆದರು, ಬಾಗಿ ಅರ್ಧ ಶಟರಿನ ಆಚೆ ಹೋದರು, ಮತ್ತೆ ಬಾಗಿ ಒಳಗೆ ಇಣುಕಿದರು. ಆ ಗಟ್ಟಿ ಮನುಷ್ಯನ ಮುಖ ಉತ್ತರ ಗೊತ್ತಿಲ್ಲದ ವಿದ್ಯಾರ್ಥಿಯ ಮುಖವಾಗಿತ್ತು.

“ಹೋಗಿ ಎಂತ ಹೇಳುವುದು ಟೀಚರ್?”

ಎಲ್ಲದಕ್ಕೂ ಉತ್ತರದ ಚೀಟಿ ಇಟ್ಟುಕೊಂಡವಳು ನಾನು. “ಏನೂ ಹೇಳಬ್ಯಾಡ್ರಿ,” ಎಂದೆ. “ಹೆಸರು ಹಿಡದು ಕರೀರಿ.”

ಸ್ಕೂಟರಿನ ಸದ್ದು ದೂರವಾಯಿತು. ಹಾಳೆ ಮೇಜಿನ ಮೇಲೇ ಇತ್ತು. ಪಾಲಕರ ಸಹಿಯ ಜಾಗ ಖಾಲಿ ಉಳಿದಿತ್ತು, ಸಹಿ ಹಾಕಿಸಿಕೊಳ್ಳುವುದು ಇಬ್ಬರಿಗೂ ಮರೆತಿತ್ತು. ವಹಿ ತೆಗೆದು ತನುಶ್ರೀಯ ಹೆಸರಿನ ಮುಂದೆ ಐದು ಎಂದು ಏರಿಸಿದೆ. ಆಮೇಲೆ ರಾಜೀವಿಗೆ ಫೋನು ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು, ಹಿಂದೆ ಬಸ್ಸುಗಳ ಗದ್ದಲ.

“ಟೀಚರ್? ಎಂತ ಆಯ್ತು? ಅವರು ನೋಡಿದ್ರಾ?”

“ನೋಡ್ಯಾರ್ರಿ. ಹುಡುಗನ್ನ ಬಸ್ ಹತ್ತಾಕ ಬಿಡಬ್ಯಾಡ್ರಿ.”

“ಯಾಕೆ ಟೀಚರ್?”

“ಕರಿಯಾಕ ಬರಾಕತ್ತಾರ.”